ಟರ್ಬೊ ವ್ಯಾಗನ್ ಇಟ್ಟುಕೊಂಡವರೆಲ್ಲ ಬನ್ನಿ, ಗಾಡಿ ಮೇಲಿನ ದೂರು ಹೇಳಿಕೊಳ್ಳೋಣ

ಸ್ಟೇಜಿಯಾ ಸಂಸಾರಿ, ಮೆಲ್ಬೋರ್ನ್

ನನ್ನ ಗಾಡಿ 1997ರ ನಿಸಾನ್ ಸ್ಟೇಜಿಯಾ ಆರ್‌ಎಸ್ ಫೋರ್, ಡಿಕ್ಕಿಯ ಮೇಲೂ ಛಾವಣಿ ಚಾಚಿದ ಜಪಾನಿ ವ್ಯಾಗನ್. ನಿಸಾನ್‌ನ ಸ್ಪೋರ್ಟ್ಸ್ ಕಾರು ಆರ್33 ಸ್ಕೈಲೈನ್‌ನಲ್ಲಿದ್ದ ಅದೇ ಆರ್‌ಬಿ25 ಟರ್ಬೊ ಎಂಜಿನ್, ಸಾಲಾಗಿ ಆರು ಸಿಲಿಂಡರ್. ಕಾರ್ಖಾನೆಯಿಂದ ಬಂದಾಗ 235 ಪಿಎಸ್ (ಅಶ್ವಶಕ್ತಿ). ಹಿಂದೆ ಮಕ್ಕಳ ಸೈಕಲ್ ಬಿಚ್ಚದೇ ಹಾಕುವಷ್ಟು ಜಾಗ. ಈಗ ಇದಕ್ಕೆ ದೊಡ್ಡ ಇಂಟರ್‌ಕೂಲರ್, ಮೂರು ಇಂಚಿನ ಎಕ್ಸಾಸ್ಟ್, ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ ಸಸ್ಪೆನ್ಷನ್ ಬಂದಿವೆ. ಬೂಸ್ಟ್ (ಟರ್ಬೊ ಎಂಜಿನ್ ಒಳಕ್ಕೆ ಗಾಳಿ ತುರುಕುವ ಒತ್ತಡ) ಕೂಡ ಸ್ವಲ್ಪ ಏರಿಸಿದ್ದೇನೆ.

ಮಾರುವ ಯೋಚನೆ ಖಂಡಿತ ಇಲ್ಲ. "ಇಷ್ಟು ತೊಂದರೆ ಇದ್ರೆ ಒಂದು ಎಸ್‌ಯುವಿ ತಗೊಳ್ಳಿ" ಅಂತ ದಯವಿಟ್ಟು ಯಾರೂ ಹೇಳಬೇಡಿ. ಈ ಗಾಡಿ ನನಗೆ ತುಂಬಾ ಇಷ್ಟ. ಅದಕ್ಕೇ ಇದರ ಮೇಲೆ ಇಷ್ಟೊಂದು ದೂರು.

ಮೊದಲನೆಯದು ಶಬ್ದ. ಸೆಡಾನ್‌ನಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ಒಂದು ಗೋಡೆ ಇರುತ್ತದೆ. ವ್ಯಾಗನ್‌ನಲ್ಲಿ ಅದಿಲ್ಲ. ಸೈಲೆನ್ಸರ್ ಮೇಲಿರುವ ಜಾಗವೂ ನಾವು ಕೂರುವ ಜಾಗವೂ ಒಂದೇ. ಹೆದ್ದಾರಿಯಲ್ಲಿ 100 ಕಿ.ಮೀ. ವೇಗಕ್ಕೆ ಬಂದರೆ ಎಂಜಿನ್ 2,500 ಆರ್‌ಪಿಎಂ ಹತ್ತಿರ ಇರುತ್ತದೆ. ಸರಿಯಾಗಿ ಅಲ್ಲೇ ಗುಂಯ್ ಅನ್ನುವ ಶಬ್ದ ಹಿಡಿದುಕೊಳ್ಳುತ್ತದೆ. ಹಿಟ್ಟಿನ ಗಿರಣಿಯಲ್ಲಿ ಕೂತ ಹಾಗಾಗುತ್ತದೆ. ಮೈಸೂರಿನಿಂದ ಅಮ್ಮ ಬಂದಾಗ ಬ್ಯಾಲರಾಟ್‌ಗೆ ಕರೆದುಕೊಂಡು ಹೋಗಿದ್ದೆ. ಹಿಂದಿನ ಸೀಟಿನಲ್ಲಿ ಕೂತು ಕೊನೆಕೊನೆಗೆ ಮಾತೇ ನಿಲ್ಲಿಸಿಬಿಟ್ಟರು. ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು, ಪಾಪ.

ಎರಡನೆಯದು ರೇಡಿಯೋ. ಈ ಗಾಡಿಯ ಕಾಲದಲ್ಲಿ ಜಪಾನಿನ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್ ಇತ್ತು. ಇಲ್ಲಿಯದು 88ರಿಂದ 108. ನಡುವಿನ ಆ ಸಣ್ಣ ಜಾಗದಲ್ಲಿ ಏನು ಸಿಗುತ್ತದೋ ಅಷ್ಟೇ ಕೇಳಬೇಕು. ಗಾಡಿ ಸ್ಟಾರ್ಟ್ ಮಾಡಿದಾಗಲೆಲ್ಲ ಟೋಲ್ ಕಾರ್ಡ್ ಹಾಕಿಲ್ಲ ಅಂತ ಜಪಾನಿ ಹೆಂಗಸೊಬ್ಬರು ವಿನಯವಾಗಿ ಹೇಳುತ್ತಾರೆ. ಹಾಗೆ ಮಾತಾಡುವ ಆ ಟೋಲ್ ಯಂತ್ರವನ್ನು ಕಿತ್ತುಹಾಕಲು ಮನಸ್ಸಿಲ್ಲ. ಮಗಳು ಅವರಿಗೆ ದಿನಾ "ನಮಸ್ಕಾರ ಆಂಟಿ" ಅನ್ನುತ್ತಾಳೆ.

ಮೂರನೆಯದಕ್ಕೆ ನಿಮ್ಮ ಸಹಾಯ ಬೇಕು. ಮಳೆ ಬಂದ ಬೆಳಿಗ್ಗೆ, ಬೂಸ್ಟ್ ಏರುವಾಗ ಎಂಜಿನ್ ತಡವರಿಸುತ್ತದೆ. 4,000 ಆರ್‌ಪಿಎಂ ಹತ್ತಿರ ಪಟಪಟ ಅಂದು ಶಕ್ತಿ ಹೋಗುತ್ತದೆ. ಐಡಲ್‌ನಲ್ಲಿ ಏನೂ ತೊಂದರೆ ಇಲ್ಲ. ಪೆಟ್ರೋಲ್ ಯಾವಾಗಲೂ ಮೇಲ್ದರ್ಜೆಯದೇ, 98 ಆಕ್ಟೇನ್. ಯಾರಿಗಾದರೂ ಹೀಗಾಗಿದೆಯಾ?

ಆರ್‌ಬಿ ಅಣ್ಣ, ಪರ್ತ್

ಮೂರನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಬಹುಪಾಲು ಇದು ಕಾಯಿಲ್ ಪ್ಯಾಕ್‌ನ ತೊಂದರೆ, ಅಂದರೆ ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗದ್ದು.

ಈ ಎಂಜಿನ್‌ನಲ್ಲಿ ಪ್ರತಿ ಸ್ಪಾರ್ಕ್ ಪ್ಲಗ್ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ. ಒಟ್ಟು ಆರು. ಅವು ಎಂಜಿನ್ ತಲೆಯ ಮೇಲಿನ ಎರಡು ಕ್ಯಾಮ್ ಕವರ್‌ಗಳ ನಡುವಿನ ಕಾಲುವೆಯಲ್ಲಿ, ಮೇಲೊಂದು ಮುಚ್ಚಳ ಹಾಕಿಸಿಕೊಂಡು, ಬಿಸಿಯಲ್ಲೇ ಬೇಯುತ್ತಿರುತ್ತವೆ. ಇಪ್ಪತ್ತೈದು ವರ್ಷ ಬೆಂದ ಪ್ಲಾಸ್ಟಿಕ್ ಕೂದಲೆಳೆಯಷ್ಟು ಸೀಳುತ್ತದೆ. ಬೂಸ್ಟ್ ಇಲ್ಲದಾಗ ಕಿಡಿ ಪ್ಲಗ್‌ನಲ್ಲೇ ಹಾರುತ್ತದೆ. ಬೂಸ್ಟ್ ಏರಿ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿಯಾದರೆ ಪ್ಲಗ್‌ನ ಸಂದಿ ದಾಟಲು ಕಿಡಿಗೆ ಕಷ್ಟ. ಆಗ ಸುಲಭದ ದಾರಿ ಹುಡುಕಿ ಆ ಸೀಳಿನಿಂದ ಪಕ್ಕದ ಲೋಹಕ್ಕೆ ಹಾರುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಅದು ಇನ್ನೂ ಸುಲಭ. ಮಳೆಯ ದಿನವೇ ತೊಂದರೆ ಕಾಣುವುದು ಅದಕ್ಕೇ.

ದುಡ್ಡು ಖರ್ಚು ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಕಾಯಿಲ್‌ಗಳನ್ನು ಬಿಚ್ಚಿ, ಒರೆಸಿ, ಸೀಳು ಕಂಡ ಕಡೆ ಒಳ್ಳೆಯ ಇನ್ಸುಲೇಷನ್ ಟೇಪ್ ಸುತ್ತಿ. ಪ್ಲಗ್ ಸಂದಿ 1.1 ಮಿ.ಮೀ. ಇದ್ದರೆ 0.8ಕ್ಕೆ ಇಳಿಸಿ. ತಡವರಿಕೆ ನಿಂತರೆ ಕಾಯಿಲ್ ಅಂತ ಖಾತ್ರಿ. ಟೇಪ್ ಬರೀ ಪರೀಕ್ಷೆಗೆ. ಆಮೇಲೆ ಆರೂ ಹೊಸದು ಹಾಕಿಸಿ, ಒಂದೊಂದೇ ಬದಲಿಸುತ್ತಾ ಕೂರಬೇಡಿ. ಇಗ್ನೈಟರ್ (ಕಾಯಿಲ್‌ಗೆ ಸ್ವಿಚ್ ಹಾಗೆ ಕೆಲಸ ಮಾಡುವ ಭಾಗ) ಕಾಯಿಲ್ ಒಳಗೇ ಇದೆಯಾ, ಬೇರೆ ಇದೆಯಾ ನೋಡಿಕೊಂಡೇ ಆರ್ಡರ್ ಮಾಡಿ. ಎರಡೂ ಬಗೆ ಬರುತ್ತವೆ.

ಇನ್ನೊಂದು ಮಾತು. "ಬೂಸ್ಟ್ ಸ್ವಲ್ಪ ಏರಿಸಿದ್ದೇನೆ" ಅಂದಿರಲ್ಲ, ಎಷ್ಟು? ಕಾರ್ಖಾನೆಯ ಟರ್ಬೊ ಅಲ್ಲೇ ಇದ್ದರೆ ಹುಷಾರು. ಅದರ ಎಕ್ಸಾಸ್ಟ್ ಬದಿಯ ಚಕ್ರ ಸೆರಾಮಿಕ್. ಹಗುರ, ಬೇಗ ತಿರುಗುತ್ತದೆ, ಆ ಕಾಲಕ್ಕೆ ಬಹಳ ಒಳ್ಳೆಯ ಯೋಚನೆ. ಆದರೆ ಒತ್ತಡವೂ ಬಿಸಿಯೂ ಮಿತಿ ಮೀರಿದರೆ ಚಕ್ರ ಶಾಫ್ಟ್ ಬಿಟ್ಟು ಪುಡಿಯಾಗುತ್ತದೆ. ನಾನು ಯಾರಿಗೂ 10 ಪಿಎಸ್‌ಐ ಒತ್ತಡದ ಮೇಲೆ ಹೋಗಲು ಹೇಳುವುದಿಲ್ಲ. ಅದಕ್ಕಿಂತ ಬೇಕಾದರೆ ಸ್ಟೀಲ್ ಚಕ್ರದ ಟರ್ಬೊ ಹಾಕಿಸಿ.

ನನ್ನ ದೂರು ಆಮೇಲೆ ಬರೆಯುತ್ತೇನೆ. ಅದು ಉದ್ದ ಇದೆ.

ಲೆಗಸಿ ಅಕ್ಕ, ಹ್ಯಾಮಿಲ್ಟನ್, ನ್ಯೂಜಿಲೆಂಡ್

ನಮ್ಮ ಮನೆಯಲ್ಲಿ ಸುಬಾರು ಲೆಗಸಿ ಜಿಟಿ-ಬಿ. ಬಿಎಚ್5 ಮಾದರಿ, ಮ್ಯಾನ್ಯುಯಲ್ ಗೇರ್, 280 ಪಿಎಸ್, ಬಿಲ್‌ಸ್ಟೈನ್ ಶಾಕ್‌ಗಳು. ಎರಡು ಲೀಟರ್ ಎಂಜಿನ್‌ಗೆ ಎರಡು ಟರ್ಬೊ.

ಎರಡೂ ಒಟ್ಟಿಗೆ ಕೆಲಸ ಮಾಡಿದ್ದರೆ ನಾನಿಲ್ಲಿ ಬರೆಯುತ್ತಲೇ ಇರಲಿಲ್ಲ. ಮೊದಲು ಒಂದು ಊದುತ್ತದೆ. 4,000 ಆರ್‌ಪಿಎಂ ದಾಟಿದ ಮೇಲೆ ಎರಡನೆಯದು ಸೇರಬೇಕು. ಆ ಕೈ ಬದಲಾಯಿಸುವ ಹೊತ್ತಿನಲ್ಲಿ ಬೂಸ್ಟ್ ಕುಸಿಯುತ್ತದೆ. ಇಲ್ಲಿಯ ಮಾಲೀಕರು ಅದನ್ನು "ವ್ಯಾಲಿ ಆಫ್ ಡೆತ್", ಸಾವಿನ ಕಣಿವೆ, ಅನ್ನುತ್ತಾರೆ. ಟೌರಂಗಾ ಕಡೆ ಹೋಗುವಾಗ ಕೈಮಾಯ್ ಘಟ್ಟ ಸಿಗುತ್ತದಲ್ಲ, ಅಲ್ಲಿ ಲಾರಿ ಹಿಂದೆ ಹಾಕಲು ಆಕ್ಸಿಲರೇಟರ್ ಒತ್ತಿದ ಕ್ಷಣದಲ್ಲೇ ಈ ಕುಳಿಗೆ ಬಿದ್ದರೆ ಎದೆ ಧಸಕ್ ಅನ್ನುತ್ತದೆ. ಅದಕ್ಕೇ ನಾನು ಮೊದಲೇ ಒಂದು ಗೇರ್ ಇಳಿಸಿ, ಎಂಜಿನ್ ಅನ್ನು ಆ ಜಾಗದ ಮೇಲೇ ಇಟ್ಟುಕೊಂಡು ಹೋಗುತ್ತೇನೆ. ಕುಳಿ ದಾಟಿದ ಮೇಲೆ ಬರುವ ಎಳೆತ ಇದೆಯಲ್ಲ, ಅದಕ್ಕಾಗಿ ಉಳಿದದ್ದನ್ನೆಲ್ಲ ಕ್ಷಮಿಸಬಹುದು.

ಇದನ್ನೆಲ್ಲ ನಡೆಸುವುದು ವ್ಯಾಕ್ಯೂಮ್ ಪೈಪುಗಳು. ಎಷ್ಟೊಂದು ಪೈಪು ಅಂತೀರಾ! ಒಂದು ಗಟ್ಟಿಯಾಗಿ ಬಿರಿದರೆ ಸಾಕು, ಎರಡನೆಯ ಟರ್ಬೊ ಏಳುವುದೇ ಇಲ್ಲ. ನಾವು ಎಲ್ಲವನ್ನೂ ಸಿಲಿಕಾನ್ ಪೈಪಿಗೆ ಬದಲಿಸಿದೆವು. ಹೊಸಬರಿಗೆ ನನ್ನ ಸಲಹೆ ಒಂದೇ. ಎಲ್ಲ ಒಟ್ಟಿಗೆ ಕಿತ್ತು ಹಾಕಬೇಡಿ. ಒಂದು ತೆಗೆಯಿರಿ, ಅದೇ ಅಳತೆಯದು ಹಾಕಿ, ಆಮೇಲೆ ಮುಂದಿನದು.

ಸ್ಪಾರ್ಕ್ ಪ್ಲಗ್ ಬದಲಿಸುವುದೂ ಒಂದು ದೊಡ್ಡ ಕೆಲಸ. ಬಾಕ್ಸರ್ ಎಂಜಿನ್ ಅಲ್ವಾ, ಸಿಲಿಂಡರ್‌ಗಳು ಎರಡೂ ಪಕ್ಕಕ್ಕೆ ಮಲಗಿರುತ್ತವೆ. ಪ್ಲಗ್‌ಗಳು ಮೇಲೆ ಇರುವುದಿಲ್ಲ, ಎರಡು ಪಕ್ಕದಲ್ಲಿ ಚಾಸಿಗೆ ಮುಖ ಮಾಡಿಕೊಂಡಿರುತ್ತವೆ. ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದ ಮೇಲೂ ಕೈ ಸುಲಭವಾಗಿ ಹೋಗುವುದಿಲ್ಲ. ಬೆರಳ ಗೆಣ್ಣು ತರಚುತ್ತದೆ. ಬಾಗಿಲ ಗಾಜಿಗೆ ಫ್ರೇಮ್ ಇಲ್ಲ, ರಬ್ಬರ್ ಹಳೆಯದಾದರೆ ಗಾಳಿ ಸಿಳ್ಳೆ ಹಾಕುತ್ತದೆ.

ಇಷ್ಟಾದರೂ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಅಡುಗೆ ಪಾತ್ರೆ, ಸ್ಪೀಕರ್, ಮಡಚುವ ಮೇಜು ಎಲ್ಲ ಒಂದೇ ಸಲ ಹೋಗುವುದು ಇದೇ ಗಾಡಿಯಲ್ಲಿ.

ಕ್ಯಾಲ್ಡಿನಾ, ಕ್ರೈಸ್ಟ್‌ಚರ್ಚ್

ಅಕ್ಕ, ನಮ್ಮ ಟೊಯೋಟಾ ಕ್ಯಾಲ್ಡಿನಾ ಜಿಟಿ-ಟಿಗೆ ಒಂದೇ ಟರ್ಬೊ. ಟೊಯೋಟಾದ ಸ್ಪೋರ್ಟ್ಸ್ ಕಾರು ಸೆಲಿಕಾದಲ್ಲಿ ಬಂದ 3ಎಸ್ ಎಂಜಿನ್, 260 ಪಿಎಸ್. ಕುಳಿ ಇಲ್ಲ. ಆದರೆ ನೋಡಿದವರೆಲ್ಲ ಟ್ಯಾಕ್ಸಿ ಅಂದುಕೊಳ್ಳುತ್ತಾರೆ. ಬಾನೆಟ್ ಮೇಲೆ ಅಷ್ಟು ದೊಡ್ಡ ಸ್ಕೂಪ್ ಇದ್ದರೂ!

ಲೆಗ್ನಮ್ ಮಾರಾಯ, ಆಕ್ಲೆಂಡ್

ನಿಮ್ಮದೆಲ್ಲ ಕೇಳಿ ಸಮಾಧಾನ ಆಯಿತು ಮಾರಾಯ್ರೆ. ನನ್ನದು ಮಿತ್ಸುಬಿಷಿ ಲೆಗ್ನಮ್ ವಿಆರ್-4. ಎರಡೂವರೆ ಲೀಟರ್ ವಿ6, ಎರಡು ಟರ್ಬೊ. ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಎವೈಸಿ ಅಂತ ಒಂದು ವ್ಯವಸ್ಥೆ ಇದೆ. ತಿರುವಿನಲ್ಲಿ ಹೊರಗಿನ ಹಿಂಚಕ್ರಕ್ಕೆ ಜಾಸ್ತಿ ಶಕ್ತಿ ಕೊಟ್ಟು ಗಾಡಿಯನ್ನು ಒಳಕ್ಕೆ ತಿರುಗಿಸುತ್ತದೆ. ಇಷ್ಟು ಭಾರದ ವ್ಯಾಗನ್ ಹಾಗೆ ತಿರುಗುವುದನ್ನು ಒಮ್ಮೆ ಅನುಭವಿಸಿದರೆ ಬೇರೆ ಗಾಡಿ ರುಚಿಸುವುದಿಲ್ಲ.

ಆದರೆ ಅದನ್ನು ನಡೆಸುವ ಹೈಡ್ರಾಲಿಕ್ ಪಂಪ್ ಹಿಂಭಾಗದಲ್ಲಿ, ನೀರು ಕೆಸರು ತಾಕುವ ಕಡೆ ಇದೆ. ಕಾಲಕ್ರಮದಲ್ಲಿ ತುಕ್ಕು ಹಿಡಿದು ನಿಲ್ಲುತ್ತದೆ. ಆಗ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತಿ ಹಾಗೇ ಉಳಿಯುತ್ತದೆ. ಗಾಡಿ ಓಡುತ್ತದೆ, ಸಾಮಾನ್ಯ ಫೋರ್ ವೀಲ್ ಡ್ರೈವ್ ಹಾಗೆ. ಆ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ, ಮನಸ್ಸಿಗೆ ಬೇಜಾರು. ಹೊಸ ಪಂಪ್‌ನ ಬೆಲೆಗೆ ಇನ್ನೊಂದು ಹಳೇ ಲೆಗ್ನಮ್ ಬರುವ ಕಾಲವೂ ಇತ್ತು. ಹಾಗೆ ತಂದ ಬಿಡಿಭಾಗದ ಗಾಡಿಯೊಂದು ನಮ್ಮ ಹಿತ್ತಿಲಲ್ಲಿ ನಿಂತಿದೆ. ಹೆಂಡತಿ ಅದರ ಸುತ್ತ ಕರಿಬೇವಿನ ಕುಂಡ ಜೋಡಿಸಿದ್ದಾಳೆ.

ಜೆಸಿ ರೋಡ್ ಗೆಳೆಯ, ಬೆಂಗಳೂರು

ಇಲ್ಲಿ ನಮಗೆ ಸ್ಟೇಜಿಯಾ, ಲೆಗಸಿ ಎಲ್ಲ ವಿಡಿಯೊದಲ್ಲಿ ನೋಡುವ ಗಾಡಿಗಳು. ಆದರೆ ನನ್ನ ಹತ್ತಿರವೂ ಒಂದು ಜಪಾನಿ ಮೂಲದ ವ್ಯಾಗನ್ ಇದೆ, ಮಾರುತಿಯ ಹಳೇ ಬಲೆನೊ ಅಲ್ಟುರಾ. 1.6 ಲೀಟರ್, 16 ವಾಲ್ವ್. ಟರ್ಬೊ ಇಲ್ಲ, ನಿಮ್ಮ ಸಾಲಿಗೆ ಬರುವುದಿಲ್ಲ, ಗೊತ್ತು. ಆದರೂ ಆ ಎಂಜಿನ್‌ಗೆ ಫ್ರೀ ಫ್ಲೋ ಎಕ್ಸಾಸ್ಟ್ ಹಾಕಿ ನೈಸ್ ರಸ್ತೆಯಲ್ಲಿ ಬಿಟ್ಟರೆ ಬಹಳ ಖುಷಿಯಾಗಿ ತಿರುಗುತ್ತದೆ.

ನನ್ನ ದೂರು ಹಿಂಭಾಗದ್ದು. ಮುಂದಿನ ಅರ್ಧ ಮಾಮೂಲಿ ಬಲೆನೊ. ಹಾಗಾಗಿ ಆ ಸಾಮಾನು ಹೇಗೋ ಸಿಗುತ್ತದೆ. ಹಿಂದಿನ ಬಾಗಿಲು, ಅದರ ಗಾಜು, ಟೈಲ್ ಲ್ಯಾಂಪ್, ಪಕ್ಕದ ಗಾಜಿನ ಬೀಡಿಂಗ್ ಅಲ್ಟುರಾಕ್ಕೆ ಮಾತ್ರ. ಕಡಿಮೆ ಮಾರಾಟವಾದ ಗಾಡಿ. ಜೆಸಿ ರೋಡ್‌ನಲ್ಲಿ ಕೇಳಿದರೆ ಅಂಗಡಿಯವರು ಮೊದಲು ಗಾಡಿ ನೋಡಲು ಹೊರಗೆ ಬರುತ್ತಾರೆ. ಶಿವಾಜಿನಗರದ ಗುಜರಿಯಲ್ಲೂ ಹೇಳಿಟ್ಟಿದ್ದೇನೆ. ಹದಿನೈದು ವರ್ಷ ದಾಟಿದ್ದರಿಂದ ಆರ್‌ಟಿಒದಲ್ಲಿ ಎಫ್‌ಸಿ, ಹಸಿರು ತೆರಿಗೆ ಬೇರೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಮೇಲೆ, ಕಾರ್ಖಾನೆ ಕೊಟ್ಟ ಸ್ವರೂಪ ಬದಲಿಸುವ ಮಾತೇ ಕಷ್ಟ. ಎಫ್‌ಸಿಗೆ ಹೋಗುವಾಗ ಹಳೇ ಸೈಲೆನ್ಸರ್ ಹಾಕಿಕೊಂಡೇ ಹೋಗಬೇಕು.

ಒಂದು ಪ್ರಶ್ನೆ. ಅಲ್ಲಿ ಇಷ್ಟೊಂದು ಮಾರ್ಪಾಡು ಮಾಡಿದ ಗಾಡಿಯನ್ನು ರಸ್ತೆಗೆ ಬಿಡುತ್ತಾರಾ?

ಲೆಗಸಿ ಅಕ್ಕ, ಹ್ಯಾಮಿಲ್ಟನ್

ಬಿಡುತ್ತಾರೆ ತಮ್ಮಾ, ಕಾಗದ ಸರಿ ಇರಬೇಕು. ಇಲ್ಲಿ ಡಬ್ಲ್ಯೂಒಎಫ್ ಅಂತ ತಪಾಸಣೆ ಇದೆ. ಎತ್ತರ ಹೊಂದಿಸುವ ಕಾಯಿಲ್‌ಓವರ್ ಹಾಕಿದರೆ ಅದರ ಜೊತೆಗೆ ಎಲ್‌ವಿವಿ ಅನ್ನುವ ಮಾರ್ಪಾಡಿನ ಪ್ರಮಾಣಪತ್ರವೂ ಬೇಕು. ಪರಿಣತರೊಬ್ಬರು ಬಂದು ಅಳೆದು, ನೋಡಿ, ಗಾಡಿಗೆ ಒಂದು ತಗಡು ಹೊಡೆಯುತ್ತಾರೆ. ಏನೇನು ಬದಲಾಗಿದೆ ಅಂತ ಅದರ ಮೇಲಿರುತ್ತದೆ. ನೆಲದಿಂದ 100 ಮಿ.ಮೀ. ಅಂತರ ಇರಲೇಬೇಕು. ನನಗೆ ಈ ಪದ್ಧತಿ ಇಷ್ಟ. ಖರ್ಚಾಗುತ್ತದೆ ನಿಜ. ಆದರೆ ಬೇರೆಯವರು ಮಾರ್ಪಾಡು ಮಾಡಿದ ಗಾಡಿ ಕೊಳ್ಳುವಾಗ ಆ ತಗಡು ಇದ್ದರೆ ಎಷ್ಟು ಧೈರ್ಯ ಗೊತ್ತಾ?

ಸ್ಟೇಜಿಯಾ ಸಂಸಾರಿ, ಮೆಲ್ಬೋರ್ನ್

ವಿಕ್ಟೋರಿಯಾದಲ್ಲೂ ದೊಡ್ಡ ಬದಲಾವಣೆಗೆ ಎಂಜಿನಿಯರ್ ಸಹಿ ಬೇಕು. ಶಬ್ದಕ್ಕೆ ಬೇರೆ ಮಿತಿ ಇದೆ. ನನ್ನ ಗಾಡಿಯ ಕಾಲದವಕ್ಕೆ 90 ಡೆಸಿಬಲ್.

ಆರ್‌ಬಿ ಅಣ್ಣ, ಟೇಪ್ ಸುತ್ತಿದೆ. ನಾಲ್ಕನೇ ಸಿಲಿಂಡರ್‌ನ ಕಾಯಿಲ್ ಪಕ್ಕದಲ್ಲಿ ಉದ್ದಕ್ಕೆ ಸೀಳು, ಸುಟ್ಟ ಗುರುತು ಕೂಡ. ಪ್ಲಗ್ ಸಂದಿ 0.8 ಮಾಡಿದೆ. ಇವತ್ತು ಬೆಳಿಗ್ಗೆ ಜಿಟಿಜಿಟಿ ಮಳೆ. ಒಂದು ಚೂರೂ ತಡವರಿಸಲಿಲ್ಲ! ಆರು ಹೊಸ ಕಾಯಿಲ್ ಆರ್ಡರ್ ಮಾಡಿದ್ದೇನೆ. ಬೂಸ್ಟ್ 9 ಪಿಎಸ್‌ಐ, ಅಲ್ಲೇ ಇರಲಿ. ತುಂಬಾ ಥ್ಯಾಂಕ್ಸ್ ಅಣ್ಣ.

ಈಗ ಇನ್ನೊಂದು ಆಸೆ. ಆರ್34 ಸ್ಕೈಲೈನ್‌ನ ಮುಖ ಕೂರಿಸಿದ ಸ್ಟೇಜಿಯಾ ನೋಡಿದೆ. ಬಹಳ ಚೆನ್ನಾಗಿತ್ತು. ಯಾರಾದರೂ ಮಾಡಿಸಿದ್ದೀರಾ?

ಆರ್‌ಬಿ ಅಣ್ಣ, ಪರ್ತ್

ಒಳ್ಳೆಯದಾಯಿತು.

ಮುಖದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಬೇಡ. ಬಾನೆಟ್, ಎರಡು ಮಡ್‌ಗಾರ್ಡ್, ಬಂಪರ್, ಲೈಟು ಎಲ್ಲ ಬೇಕು. ರೇಡಿಯೇಟರ್ ಹಿಡಿದಿಡುವ ಚೌಕಟ್ಟನ್ನೂ ತಿದ್ದಬೇಕು. ಆರ್34 ಸಾಮಾನಿನ ಬೆಲೆ ಈಗ ಆಕಾಶ ಮುಟ್ಟಿದೆ. ಅಷ್ಟು ದುಡ್ಡಿದ್ದರೆ ಗೇರ್‌ಬಾಕ್ಸ್‌ಗೆ ಹಾಕಿ. ನಿಮ್ಮದು ನಾಲ್ಕು ಗೇರಿನ ಆಟೋಮ್ಯಾಟಿಕ್ ಅಂದುಕೊಳ್ಳುತ್ತೇನೆ. ಅದಕ್ಕೆ ಒಂದು ಒಳ್ಳೆಯ ಆಯಿಲ್ ಕೂಲರ್ ಹಾಕಿದರೆ ಬಹಳ ವರ್ಷ ಬಾಳುತ್ತದೆ. ಸ್ಟೇಜಿಯಾದ ಸ್ವಂತ ಮುಖಕ್ಕೇ ಒಂದು ಗಾಂಭೀರ್ಯ ಇದೆ. ನಿಸಾನ್‌ನ ಅಂಗಸಂಸ್ಥೆ ಆಟೆಕ್‌ನವರು 1997ರಲ್ಲಿ ಇದಕ್ಕೆ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26 ಎಂಜಿನ್, ಐದು ಗೇರಿನ ಮ್ಯಾನ್ಯುಯಲ್, ಬ್ರೆಂಬೊ ಬ್ರೇಕ್ ಹಾಕಿ 260ಆರ್‌ಎಸ್ ಮಾಡಿದರು. ಅವರೂ ಸ್ಕೈಲೈನ್ ಮುಖ ಹಾಕಲಿಲ್ಲ.

ಇನ್ನು ನನ್ನ ದೂರು. ಸಸ್ಪೆನ್ಷನ್. ಸೆಡಾನ್‌ನಲ್ಲಿ ಖಾಲಿಗೂ ತುಂಬಿದ್ದಕ್ಕೂ ಅಷ್ಟು ವ್ಯತ್ಯಾಸ ಇಲ್ಲ. ವ್ಯಾಗನ್ ಹಾಗಲ್ಲ. ಸೋಮವಾರ ನಾನೊಬ್ಬನೇ ಆಫೀಸಿಗೆ. ಶನಿವಾರ ಐದು ಜನ, ಹಿಂದೆ ಅಕ್ಕಿ ಮೂಟೆಗಳು, ಟೆಂಟು, ನೀರಿನ ಕ್ಯಾನು. ಖಾಲಿ ಗಾಡಿಗೆ ಹೊಂದುವ ಸ್ಪ್ರಿಂಗ್ ತುಂಬಿದಾಗ ಕೂತುಬಿಡುತ್ತದೆ, ಟೈರ್ ಮಡ್‌ಗಾರ್ಡ್‌ಗೆ ಉಜ್ಜುತ್ತದೆ. ತುಂಬಿದ್ದಕ್ಕೆ ಹೊಂದುವ ಗಟ್ಟಿ ಸ್ಪ್ರಿಂಗ್ ಖಾಲಿ ಇದ್ದಾಗ ಬೆನ್ನು ಮುರಿಯುತ್ತದೆ. ಮಾರುವವರು "ಸ್ಟೇಜಿಯಾಕ್ಕೆ ಆಗುತ್ತದೆ" ಅಂತ ಕೊಡುವ ಕಾಯಿಲ್‌ಓವರ್‌ಗಳಲ್ಲಿ ಹಲವು ಎರಡು ಬಾಗಿಲಿನ ಕೂಪೆ ಕಾರಿನ ಲೆಕ್ಕದಲ್ಲಿ ಮಾಡಿದವು. ಹಿಂದಿನ ತೂಕದ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ನಾನು ಹಿಂದಿನ ಸ್ಪ್ರಿಂಗ್ ಮಾತ್ರ ಬೇರೆ ಮಾಡಿಸಿಕೊಂಡೆ, ಗಾಡಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿದೆ. ನೋಡಲು ಮೊದಲಿನಷ್ಟು ತಗ್ಗಿಲ್ಲ. ಆದರೆ ಈಗ ಮನೆಯವರೆಲ್ಲ ನಿದ್ದೆ ಮಾಡುತ್ತಾ ಬರುತ್ತಾರೆ.

ನಿಮ್ಮ ಗಾಡಿಯ ಶಬ್ದಕ್ಕೂ ಉತ್ತರ ಇದೆ. ಎಕ್ಸಾಸ್ಟ್ ಮಧ್ಯೆ ಒಂದು ರೆಸೊನೇಟರ್, ಅಂದರೆ ಆ ಗುಂಯ್ ಶಬ್ದ ತಗ್ಗಿಸುವ ಡಬ್ಬಿ, ಹಾಕಿಸಿ. ಡಿಕ್ಕಿಯ ನೆಲ, ಚಕ್ರದ ಗೂಡುಗಳ ಮೇಲೆ ಶಬ್ದ ತಡೆಯುವ ಬ್ಯೂಟೈಲ್ ಹಾಳೆ ಅಂಟಿಸಿ. ಅಮ್ಮನವರು ಮುಂದಿನ ಸಲ ಬಂದಾಗ ಮಾತಾಡುತ್ತಾರೆ.

ಟರ್ನ್‌ಪೈಕ್, ನ್ಯೂಜೆರ್ಸಿ

ನಿಮ್ಮ ದೂರು ಓದಿ ಹೊಟ್ಟೆಕಿಚ್ಚಾಗುತ್ತಿದೆ. ಅಮೆರಿಕದಲ್ಲಿ ಗಾಡಿಗೆ 25 ವರ್ಷ ತುಂಬಿದ ಮೇಲೆಯೇ ತರಿಸಬಹುದು. ಮೊದಲ ಸ್ಟೇಜಿಯಾ ಬಂದದ್ದು 1996ರಲ್ಲಿ. ಅಂದರೆ ನಮಗೆ ಬಾಗಿಲು ತೆರೆದದ್ದು 2021ಕ್ಕೆ. ಅಷ್ಟರಲ್ಲಿ ಒಳ್ಳೆಯ ಗಾಡಿಗಳ ಬೆಲೆ ಏರಿಬಿಟ್ಟಿತ್ತು. ಈಗ ನನ್ನ ಹತ್ತಿರ ಒಂದಿದೆ. ಬಲಗಡೆ ಸ್ಟೀರಿಂಗ್, ಹಾಗಾಗಿ ಡ್ರೈವ್ ಥ್ರೂ ಕಾಫಿಗೆ ಪಕ್ಕದ ಸೀಟಿನ ಮೇಲೆ ಮಲಗಿ ಕೈ ಚಾಚಬೇಕು. ಇಂಡಿಕೇಟರ್ ಹಾಕಲು ಹೋದರೆ ವೈಪರ್. ಇಲ್ಲಿ ವ್ಯಾಗನ್ ಅಂದರೆ ಅಜ್ಜಿಯ ಗಾಡಿ ಅನ್ನುವ ಕಾಲ ಹೋಯಿತು. ಪೆಟ್ರೋಲ್ ಬಂಕ್‌ನಲ್ಲಿ ಜನ ಬಂದು ಮಾತಾಡಿಸುತ್ತಾರೆ. ಅದು ನನಗೆ ನಿಜಕ್ಕೂ ಇಷ್ಟ.

ಮೊನ್ನೆ ಒಂದು ಟೈರ್ ಪಕ್ಕಕ್ಕೆ ಮೊಳೆ ಹೊಕ್ಕಿತು. ಪಂಕ್ಚರ್ ಹಾಕಲು ಆಗಲ್ಲ ಅಂದರು. ಒಂದು ಹೊಸದು ಹಾಕಿಸಿದೆ. ಈಗ ಫೋರ್ ವೀಲ್ ದೀಪ ಆಗಾಗ ಹತ್ತುತ್ತಿದೆ. ಸಂಬಂಧ ಇದೆಯಾ?

ಆರ್‌ಬಿ ಅಣ್ಣ, ಪರ್ತ್

ಇರಬಹುದು. ಗಾಡಿ ಜಾಸ್ತಿ ಓಡಿಸಬೇಡಿ. ಉಳಿದ ಮೂರು ಟೈರ್ ಎಷ್ಟು ಸವೆದಿವೆ?

ಟರ್ನ್‌ಪೈಕ್, ನ್ಯೂಜೆರ್ಸಿ

ಅರ್ಧಕ್ಕಿಂತ ಜಾಸ್ತಿ. ಹೊಸದು ಮುಂದೆ ಎಡಗಡೆ ಇದೆ.

ಆರ್‌ಬಿ ಅಣ್ಣ, ಪರ್ತ್

ಹಾಗಾದರೆ ಅದೇ ಇರಬೇಕು. ಈ ಗಾಡಿ ಮಾಮೂಲಿ ಹೊತ್ತಿನಲ್ಲಿ ಹಿಂಚಕ್ರದಿಂದ ಓಡುತ್ತದೆ. ಹಿಂದಿನವು ಜಾರಿದವು ಅಂತ ಸೆನ್ಸರ್ ಹೇಳಿದರೆ ಮಾತ್ರ ಕಂಪ್ಯೂಟರ್ ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಪೆಟ್ಟಿಗೆ) ಒಳಗಿನ ಕ್ಲಚ್ ಒತ್ತಿ ಮುಂದಕ್ಕೆ ಶಕ್ತಿ ಕಳಿಸುತ್ತದೆ, ಅರ್ಧದವರೆಗೆ. ಸವೆದ ಟೈರಿನ ಸುತ್ತಳತೆ ಕಡಿಮೆ, ಹಾಗಾಗಿ ಅದು ಅದೇ ದೂರಕ್ಕೆ ಜಾಸ್ತಿ ಸುತ್ತುತ್ತದೆ. ಹಿಂದಿನ ಎರಡೂ ಸವೆದಿವೆ, ಮುಂದೊಂದು ಹೊಸದು. ಹಿಂಚಕ್ರ ಜಾರುತ್ತಿದೆ ಅಂತ ಕಂಪ್ಯೂಟರ್ ತಿಳಿಯಬಹುದು. ನೇರ ರಸ್ತೆಯಲ್ಲೂ ಕ್ಲಚ್ ಒತ್ತುತ್ತಲೇ ಇದ್ದರೆ ಟ್ರಾನ್ಸ್‌ಫರ್ ಕೇಸ್ ಬಿಸಿಯಾಗಿ ಹಾಳಾಗುತ್ತದೆ.

ಲೆಗಸಿ ಅಕ್ಕ, ಹ್ಯಾಮಿಲ್ಟನ್

ನಮ್ಮದೂ ಇದೇ ಕಥೆ. ನಾಲ್ಕೂ ಟೈರಿನ ಸುತ್ತಳತೆಯ ವ್ಯತ್ಯಾಸ 6 ಮಿ.ಮೀ. ಒಳಗೆ ಇರಬೇಕು ಅಂತ ಸುಬಾರು ಮಾಲೀಕರಿಗೆ ಹೇಳುತ್ತಾರೆ. ಒಂದು ಮೊಳೆಗೆ ನಾಲ್ಕು ಟೈರ್. ಈ ಗಾಡಿಗಳ ಮೇಲೆ ನನ್ನ ಅತಿ ದೊಡ್ಡ ದೂರು ಅದೇ. ಅಮೆರಿಕದಲ್ಲಿ ಹೊಸ ಟೈರನ್ನು ಹಳೆಯದರ ಅಳತೆಗೆ ಹೆರೆದು ಕೊಡುವವರಿದ್ದಾರೆ, ವಿಚಾರಿಸಿ ನೋಡಿ. ಇಲ್ಲದಿದ್ದರೆ ನಾಲ್ಕೂ ಬದಲಿಸಿ. ಆಮೇಲೆ 10,000 ಕಿ.ಮೀ.ಗೊಮ್ಮೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಮಾಡಿಸುತ್ತಾ ಬನ್ನಿ. ಒಂದೇ ಸಮ ಸವೆಯುತ್ತವೆ.

ಟರ್ನ್‌ಪೈಕ್, ನ್ಯೂಜೆರ್ಸಿ

ಅರ್ಧಕ್ಕಿಂತ ಜಾಸ್ತಿ ಸವೆದ ಅಳತೆಗೆ ಹೊಸದನ್ನು ಹೆರೆಸಲು ಮನಸ್ಸು ಬರಲಿಲ್ಲ. ನಾಲ್ಕು ಹೊಸದು ಬುಕ್ ಮಾಡಿದೆ, ಶುಕ್ರವಾರ ಹಾಕುತ್ತಾರೆ. ಅಲ್ಲಿಯವರೆಗೆ ಗಾಡಿ ಶೆಡ್‌ನಲ್ಲೇ ಇರುತ್ತದೆ. ಟ್ರಾನ್ಸ್‌ಫರ್ ಕೇಸ್ ಆಯಿಲ್ ಕೂಡ ಅದೇ ದಿನ ಬದಲಿಸಲಾ ಅಣ್ಣ?

ಆರ್‌ಬಿ ಅಣ್ಣ, ಪರ್ತ್

ಬದಲಿಸಿ. ಹಳೆಯ ಆಯಿಲ್ ಒಂದು ಬಿಳಿ ಡಬ್ಬಿಗೆ ಹಿಡಿದು ಫೋಟೊ ಹಾಕಿ. ಕಪ್ಪಗಿದೆಯಾ, ಸುಟ್ಟ ವಾಸನೆ ಇದೆಯಾ ಹೇಳಿ. ನೋಡಿಕೊಂಡು ಮುಂದಿನದು ಮಾತಾಡೋಣ.